ಅಸಲು ಬಂದ್ರೆ ಸಾಕು

ಕಳೆದ ತಿಂಗಳು ಪುತ್ತೂರಿನಲ್ಲಿ ಒಂದು ಮದುವೆ. ಮೊದಲ ಪಂಕ್ತಿಯಲ್ಲಿ ಭಾವನ ಪಕ್ಕ ಕೂತಿದ್ದೆ. ಸಾರನ್ನ ಕಲಸ್ತಾ ಭಾವ ನನ್ನ ಕಡೆ ವಾಲಿದರು.

"ಒಂದು ವಿಷಯ ಕೇಳ್ಲಿಕ್ಕಿತ್ತು ಮಾರಾಯ. ನನ್ನತ್ರ ಒಂದು ಷೇರು ಉಂಟು. 340ಕ್ಕೆ ತಗೊಂಡದ್ದು. ಈಗ 210. ಇಡ್ಲಾ, ಕೊಡ್ಲಾ?"

"ಯಾವ ಕಂಪನಿ ಭಾವ?"

ಹೆಸರು ನೆನಪಾಗಲಿಲ್ಲ. ಏನೋ ಕೆಮಿಕಲ್ಸ್ ಅಂದರು. ಮೊಬೈಲ್ ತೆಗೆಯೋಣ ಅಂದರೆ ಕೈ ಎಂಜಲು. ಆದರೆ 340 ಮಾತ್ರ ಬಾಯಿಪಾಠ.

"ಇವತ್ತು ನಿಮ್ಮ ಕೈಯಲ್ಲಿ ಆ ದುಡ್ಡು ಇದ್ದಿದ್ದರೆ ಇದೇ ಷೇರು ತಗೊಳ್ತಿದ್ರಾ?" ಅಂತ ಕೇಳಿದೆ.

"ಛೆ, ಯಾರು ತಗೊಳ್ತಾರೆ ಅದನ್ನ!"

"ಮತ್ತೆ ಯಾಕೆ ಇಟ್ಕೊಂಡಿದ್ದೀರಿ?"

"340 ಬರ್ಲಿ ಮಾರಾಯ. ಲಾಭ ಬೇಡ. ಅಸಲು ಬಂದ್ರೆ ಸಾಕು."

ಅಷ್ಟರಲ್ಲಿ ಪಾಯಸ ಬಂತು. ಮಾತು ಅಲ್ಲಿಗೇ ನಿಂತಿತು. ಆದರೆ ಆ ಕೊನೆಯ ಮಾತು ಬೆಂಗಳೂರಿಗೆ ಬರುವ ಬಸ್ಸಿನಲ್ಲೆಲ್ಲ ತಲೆಯಲ್ಲಿ ಸುತ್ತುತ್ತಲೇ ಇತ್ತು. ಷೇರು ಪೇಟೆಯಲ್ಲಿ ನಾನು ಕಳೆದುಕೊಂಡ ದುಡ್ಡಿನಲ್ಲಿ ಮುಕ್ಕಾಲು ಪಾಲು ಹೋದದ್ದು ಈ ಒಂದು ಮಾತಿಗೆ. (ನಾನು ಸೆಬಿಯಲ್ಲಿ, ಅಂದರೆ ಷೇರು ಪೇಟೆಯ ನಿಯಂತ್ರಕರಲ್ಲಿ, ನೋಂದಣಿ ಇರುವ ಸಲಹೆಗಾರ ಅಲ್ಲ. ಸುಮ್ನೆ ಸಂಬಳದವನು, ಹದಿನೈದು ವರ್ಷದಿಂದ ಪೆಟ್ಟು ತಿಂದವನು. ಹಾಗಂತ ತಿಳಿದುಕೊಂಡು ಓದಿ.)

ಟಿವಿಯಲ್ಲಿ ಫೋನ್ ಮಾಡಿ ಕೇಳುವವರನ್ನು ಗಮನಿಸಿ. "ಸರ್, ನನ್ನ ಹತ್ರ 200 ಷೇರು ಇದೆ, ಇಷ್ಟಕ್ಕೆ ತಗೊಂಡಿದ್ದು, ಏನ್ ಮಾಡ್ಲಿ?" ಯಾರಾದರೂ ದರ ಹೇಳಲು ಮರೆತರೆ ಆ ಕಡೆ ಕೂತ ತಜ್ಞರೇ ಕೇಳುತ್ತಾರೆ, ಎಷ್ಟಕ್ಕೆ ತಗೊಂಡ್ರಿ? ಕಂಪನಿಗೂ ಆ ಅಂಕಿಗೂ ಏನು ಸಂಬಂಧ? ಭಾವ 340 ಕೊಟ್ಟದ್ದು ಆ ಕೆಮಿಕಲ್ಸ್ ಕಂಪನಿಗೆ ಗೊತ್ತಿಲ್ಲ. ನಾಳೆ ಅದನ್ನು ಕೊಳ್ಳುವವನಿಗೂ ಗೊತ್ತಿಲ್ಲ. ಗೊತ್ತಿರುವುದು ಭಾವನಿಗೆ ಮತ್ತು ಅವರ ಮೊಬೈಲ್ ಆಪ್‌ಗೆ. ಆ ಆಪ್ ಬೇರೆ, ದಿನಾ ಅದನ್ನೇ ಕೆಂಪು ಅಕ್ಷರದಲ್ಲಿ ತೋರಿಸಿ ಗಾಯ ಕೆರೆಯುತ್ತದೆ.

ನನ್ನದೇ ಕಥೆ ಹೇಳ್ತೇನೆ. 2010ರಲ್ಲಿ ರಸ್ತೆ, ವಿದ್ಯುತ್ ಸ್ಥಾವರ ಕಟ್ಟುವ ಒಂದು ಕಂಪನಿಯ 200 ಷೇರು ತಗೊಂಡೆ. ದರ 142. ಹೆಸರು ಬೇಡ. ತಗೊಳ್ಳಲು ನನಗಿದ್ದ ಕಾರಣ ಇಷ್ಟೇ: ಎಲ್ಲಿ ನೋಡಿದರೂ ರಸ್ತೆ ಕೆಲಸ ನಡೀತಾ ಇತ್ತು. ದರ 96ಕ್ಕೆ ಇಳಿಯಿತು. ಆಫೀಸಿನಲ್ಲಿ ಒಬ್ಬರು "ಆವರೇಜ್ ಮಾಡು" ಅಂದರು, ಅಂದರೆ ಇಳಿದ ದರಕ್ಕೆ ಇನ್ನಷ್ಟು ತಗೊಂಡು ಸರಾಸರಿ ಇಳಿಸು ಅಂತ. ಇನ್ನೂ 200 ತಗೊಂಡೆ. 61ಕ್ಕೆ ಬಂತು. ಮತ್ತೆ 200. ಸರಾಸರಿ ನೂರಕ್ಕಿಂತ ಕೆಳಗೆ ಬಂತು ಅಂತ ಆ ಸಂಜೆ ಖುಷಿಪಟ್ಟದ್ದು ಈಗಲೂ ನೆನಪಿದೆ. ಅಸಲು ಹತ್ತಿರ ಆಯ್ತು ಅಂತ ಖುಷಿ! ಹಾಗೆ ಅಸಲನ್ನು ಹತ್ತಿರ ತರಲು ನಾನು ಸುರಿದದ್ದು ಇನ್ನೂ 31,400 ರೂಪಾಯಿ.

ಈ ಮಧ್ಯೆ ಕಂಪನಿಯ ಸಾಲ ಏರುತ್ತಿತ್ತು. ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ನಡೆಸುವ ಮಾಲೀಕರು, ತಮ್ಮ ಷೇರನ್ನೇ ಸಾಲಕ್ಕೆ ಅಡವಿಟ್ಟಿದ್ದರು. ಇದೇನೂ ಗುಟ್ಟಿನ ವಿಷಯ ಆಗಿರಲಿಲ್ಲ. ಯಾರ ಹತ್ತಿರ ಎಷ್ಟು ಷೇರಿದೆ, ಅದರಲ್ಲಿ ಎಷ್ಟು ಅಡವಿದೆ ಅನ್ನುವುದನ್ನು ಪ್ರತಿ ಕಂಪನಿಯೂ ಮೂರು ತಿಂಗಳಿಗೊಮ್ಮೆ ಷೇರು ವಿನಿಮಯ ಕೇಂದ್ರಕ್ಕೆ ಕೊಡಲೇಬೇಕು. ಎರಡು ನಿಮಿಷದಲ್ಲಿ ನೋಡಬಹುದಿತ್ತು. ನಾನು ನೋಡಿದ್ದು ದರ ಮಾತ್ರ. ಕೊನೆಗೆ ದಿನಾ ಲೋವರ್ ಸರ್ಕ್ಯೂಟ್, ಅಂದರೆ ಒಂದು ದಿನಕ್ಕೆ ಬೀಳಬಹುದಾದ ಮಿತಿಯಷ್ಟೂ ಬಿದ್ದು ನಿಲ್ಲುವುದು. ಮಾರೋಣ ಅಂದರೂ ಕೊಳ್ಳುವವರಿಲ್ಲ. ಒಂದು ದಿನ ಹೇಗೋ 3 ರೂಪಾಯಿ 40 ಪೈಸೆಗೆ ಹೋಯಿತು. ಹಾಕಿದ್ದು 59,800. ಬಂದದ್ದು 2,040. ಅದರಲ್ಲೂ ಡಿಮ್ಯಾಟ್ (ಷೇರು ಇಡುವ ಖಾತೆ) ಶುಲ್ಕ ಕಳೆದರು.

ಇದು ಅಸಲು ಬರಲಿ ಅಂತ ಹಿಡಿದು ಕೂತದ್ದರ ಫಲ. ಅಸಲು ಬಂತಲ್ಲ ಅಂತ ಮಾರಿದ್ದರ ಫಲ ಇದಕ್ಕಿಂತ ಜಾಸ್ತಿ ಉರಿಯುತ್ತದೆ.

2018ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್, ವಿಮಾನ ಕಟ್ಟುವ ಸರ್ಕಾರಿ ಕಂಪನಿ, ಷೇರು ಪೇಟೆಗೆ ಬಂತು. ವಿತರಣಾ ದರ, ಅಂದರೆ ಮೊದಲ ಸಲ ಜನರಿಗೆ ಕೊಟ್ಟ ದರ, 1,215 ರೂಪಾಯಿ. ಸಣ್ಣ ಹೂಡಿಕೆದಾರರಿಗೆ 25 ರೂಪಾಯಿ ರಿಯಾಯಿತಿ. ಜನರಿಗೆ ಅಷ್ಟೇನೂ ಉತ್ಸಾಹ ಇರಲಿಲ್ಲ. ನಾನು 1,190ರಂತೆ 24 ಷೇರು ತಗೊಂಡೆ. ಮೊದಲ ದಿನವೇ ವಿತರಣಾ ದರಕ್ಕಿಂತ ಕೆಳಗೆ. ಆಮೇಲೆ ಇಳಿದದ್ದೇ ಇಳಿದದ್ದು. 2020ರ ಮಾರ್ಚ್‌ನಲ್ಲಿ, ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಬಿದ್ದ ಆ ವಾರದಲ್ಲಿ, ಐನೂರಕ್ಕಿಂತ ಕೆಳಗೆ ಹೋಯಿತು. ಆಗ ಮನಸ್ಸಿನಲ್ಲಿ ಹರಕೆ ಹೊತ್ತೆ: ದೇವರೇ, ಒಮ್ಮೆ 1,190 ತೋರಿಸು, ಕೊಟ್ಟು ಬಿಡ್ತೇನೆ.

2021ರ ಫೆಬ್ರುವರಿ 3ರಂದು ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ. ಅದೇ ದಿನ 83 ತೇಜಸ್ ವಿಮಾನಗಳ ಒಪ್ಪಂದಕ್ಕೆ ಸಹಿ ಬಿತ್ತು. ಎಚ್‌ಎಎಲ್‌ಗೆ ಸುಮಾರು 48,000 ಕೋಟಿ ರೂಪಾಯಿಯ ಆರ್ಡರು. ಮರುದಿನ ಎಲ್ಲ ಪೇಪರಿನಲ್ಲೂ ಮುಖಪುಟ. ನಾನೂ ಓದಿದೆ. ಹೆಮ್ಮೆಪಟ್ಟೆ. ವಾಟ್ಸ್‌ಆಪ್‌ನಲ್ಲಿ ನಾಲ್ಕು ಜನಕ್ಕೆ ಕಳಿಸಿಯೂ ಕಳಿಸಿದೆ. ಆದರೆ ನನ್ನ 24 ಷೇರಿಗೂ ಈ ಸುದ್ದಿಗೂ ಏನಾದರೂ ಸಂಬಂಧ ಉಂಟಾ ಅಂತ ಒಂದು ಕ್ಷಣ ಯೋಚಿಸಲಿಲ್ಲ. ಆ ವರ್ಷವೇ ದರ 1,200 ದಾಟಿತು. ಹರಕೆ ತೀರಿಸಿದೆ. ಎಲ್ಲವನ್ನೂ ಕೊಟ್ಟೆ. ಮೂರು ವರ್ಷದ ಕಾಟ ಕಳೆಯಿತು ಅಂತ ಮನೆಯಲ್ಲಿ ಐಸ್‌ಕ್ರೀಮ್ ತರಿಸಿದೆ.

2023ರಲ್ಲಿ ಆ ಷೇರು ಒಂದು ಇದ್ದದ್ದು ಎರಡಾಯಿತು. 2024ರಲ್ಲಿ ಆ ಅರ್ಧ ಷೇರಿನ ದರವೇ 5,000 ದಾಟಿತು. ನನ್ನ 24 ಷೇರು 48 ಆಗಿ ಎರಡು ಲಕ್ಷದ ನಲವತ್ತು ಸಾವಿರದ ಮೇಲೆ ಇರುತ್ತಿತ್ತು. ನನಗೆ ಸಿಕ್ಕಿದ್ದು ಇಪ್ಪತ್ತೊಂಬತ್ತು ಸಾವಿರ ಮತ್ತು ಒಂದು ಬಟರ್‌ಸ್ಕಾಚ್.

ಮುಂದೆ ಏರುತ್ತದೆ ಅಂತ ಯಾರಿಗೆ ಗೊತ್ತಿತ್ತು ಅಂತ ನೀವು ಕೇಳಬಹುದು. ಸರಿ, ಯಾರಿಗೂ ಗೊತ್ತಿರಲಿಲ್ಲ. ಏರದೆಯೂ ಇರಬಹುದಿತ್ತು. ನನ್ನ ತಕರಾರು ಅದಲ್ಲ. ಮಾರಲು ನನಗೆ ಇದ್ದ ಕಾರಣ ಏನು? ಕಂಪನಿ ಕೆಟ್ಟಿತಾ? ಇಲ್ಲ. ದುಡ್ಡು ಬೇಕಿತ್ತಾ? ಇಲ್ಲ. ಬೇರೆ ಒಳ್ಳೆಯ ಷೇರು ಕಂಡಿತಾ? ಅದೂ ಇಲ್ಲ. 1,190 ಬಂತು, ಅಷ್ಟೇ.

ಸತ್ಯಂ ಕಂಪ್ಯೂಟರ್ಸ್ ನೆನಪಿರಬೇಕು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕವೆಲ್ಲ ಸುಳ್ಳು ಅಂತ ಪತ್ರ ಬರೆದರು. ಒಂದೇ ದಿನ ಷೇರು ಶೇಕಡಾ 78ರಷ್ಟು ಬಿತ್ತು. ಆ ದಿನ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಆದರೆ ಅದಕ್ಕೆ ಮೂರು ವಾರ ಮೊದಲು, ಡಿಸೆಂಬರ್ 16ರಂದು, ಸತ್ಯಂ ತನ್ನ ದುಡ್ಡಿನಲ್ಲಿ ರಾಜು ಅವರ ಮನೆಯವರದ್ದೇ ಆದ, ಜಮೀನು, ಕಟ್ಟಡದ ವ್ಯವಹಾರದ ಮೇಟಾಸ್ ಕಂಪನಿಗಳನ್ನು ಕೊಳ್ಳುತ್ತೇವೆ ಅಂತ ಹೊರಟಿತ್ತು. ಗಲಾಟೆ ಆಗಿ ಕೆಲವೇ ಗಂಟೆಗಳಲ್ಲಿ ಹಿಂದೆ ಸರಿದರು. ಮರುದಿನ ದರ ಜೋರಾಗಿ ಇಳಿಯಿತು. ಸಾಫ್ಟ್‌ವೇರ್ ಕಂಪನಿ ಅಂತ ದುಡ್ಡು ಹಾಕಿದವರಿಗೆ, ಇದು ಮನೆಯವರ ಜಮೀನು ವ್ಯವಹಾರದ ಗಂಟೂ ಹೌದು ಅಂತ ಅವತ್ತೇ ಕಂಡಿತ್ತು. ಹೊರಗೆ ಬರಲು ಮೂರು ವಾರ ಬಾಗಿಲು ತೆರೆದಿತ್ತು. ನನ್ನ ಆಗಿನ ರೂಮ್‌ಮೇಟ್ ಕೊಡಲಿಲ್ಲ. ಅವನು ತಗೊಂಡದ್ದು 400ರ ಮೇಲೆ. "ಇಷ್ಟು ಬಿದ್ದ ಮೇಲೆ ಯಾರು ಕೊಡ್ತಾರೆ" ಅಂದ.

ನಾವು ಅಡಿಕೆಯ ಕಡೆಯವರಿಗೆ ಈ ಅಭ್ಯಾಸ ಎಲ್ಲಿಂದ ಬಂತು ಅಂತ ನನಗೆ ಒಂದು ಗುಮಾನಿ ಇದೆ. ನಮ್ಮಲ್ಲಿ ಹೊಸ ಅಡಿಕೆಯನ್ನು ಸುಲಿದ ತಕ್ಷಣ ಎಲ್ಲವನ್ನೂ ಅಂಗಡಿಗೆ ಕೊಡುವವರು ಕಡಿಮೆ. ಅಟ್ಟದಲ್ಲಿ ಇಡುತ್ತಾರೆ. ಒಂದು ವರ್ಷ ಕೂತರೆ ಅದು ಹಳೆ ಅಡಿಕೆ, ದರ ಜಾಸ್ತಿ. ಇನ್ನೂ ಕೂತರೆ ಡಬ್ಬಲ್ ಚೋಲು. ಕಾದವನಿಗೆ ಅಡಿಕೆ ಕೂಲಿ ಕೊಡುತ್ತದೆ, ಹುಳ ಬೀಳದೆ ಇದ್ದರೆ. ಈ ಬುದ್ಧಿಯನ್ನೇ ನಾವು ಡಿಮ್ಯಾಟ್ ಖಾತೆಗೂ ತಂದೆವು ಅಂತ ಕಾಣುತ್ತದೆ. ಷೇರು ಅಟ್ಟದಲ್ಲಿ ಇಟ್ಟ ಮಾತ್ರಕ್ಕೆ ಹಣ್ಣಾಗುವುದಿಲ್ಲ.

ಅದೇ ಅಡಿಕೆ ಬೆಳೆಗಾರರ ಇನ್ನೊಂದು ಬುದ್ಧಿ ಇದೆ, ಅದನ್ನು ತರಲಿಲ್ಲ ನೋಡಿ. ನನ್ನ ದೊಡ್ಡಪ್ಪ ಯಾವತ್ತೂ ಎಲ್ಲ ಅಡಿಕೆಯನ್ನು ಒಟ್ಟಿಗೆ ಕೊಟ್ಟವರಲ್ಲ. ಮಗಳ ಫೀಸಿಗೆ ಎರಡು ಚೀಲ, ಗೊಬ್ಬರಕ್ಕೆ ಮೂರು ಚೀಲ. ದರ ಏರಿದರೆ ಇನ್ನೆರಡು. "ಇಡ್ಲಾ, ಕೊಡ್ಲಾ" ಅನ್ನುವ ಪ್ರಶ್ನೆಯೇ ಅವರಿಗೆ ಇರಲಿಲ್ಲ. ಎಷ್ಟು ಇಡ್ಲಿ, ಎಷ್ಟು ಕೊಡ್ಲಿ ಅಂತ ಇತ್ತು. ನಾವು ಮಾತ್ರ 24 ಷೇರನ್ನೂ ಒಂದೇ ಬಟನ್ ಒತ್ತಿ ಕೊಡುತ್ತೇವೆ.

ಇನ್‌ಫೋಸಿಸ್ ಕಥೆಯನ್ನು ಯಾರಾದರೂ ಕಾಮೆಂಟಿನಲ್ಲಿ ಹಾಕುವ ಮೊದಲೇ ಹೇಳಿಬಿಡ್ತೇನೆ. 1993ರಲ್ಲಿ 95 ರೂಪಾಯಿಗೆ 100 ಷೇರು ತಗೊಂಡು ಮುಟ್ಟದೆ ಇದ್ದವರ ಹತ್ತಿರ, ಬೋನಸ್ಸು (ಪುಕ್ಕಟೆ ಕೊಟ್ಟ ಷೇರು), ವಿಭಜನೆ (ಒಂದು ಷೇರನ್ನು ಒಡೆದು ಹೆಚ್ಚು ಮಾಡಿದ್ದು) ಎಲ್ಲ ಸೇರಿ, 2018ರ ಹೊತ್ತಿಗೆ 1,02,400 ಷೇರು. ಲೆಕ್ಕ ಸರಿ. ಆದರೆ ಅದು ಪೇಟೆಗೆ ಬಂದ ದಿನವೇ 145 ಇತ್ತು. ನಮ್ಮ ಭಾವನಂಥವರು, ನನ್ನಂಥವರು, ಅವತ್ತು ಮಧ್ಯಾಹ್ನವೇ ಮಾರಿ ಹೋಟೆಲಿಗೆ ಹೋಗಿರುತ್ತಿದ್ದೆವು. ಉಳಿದವರೂ 2003ರ ಏಪ್ರಿಲ್‌ನಲ್ಲಿ ಒಂದೇ ದಿನ ಕಾಲು ಭಾಗಕ್ಕಿಂತ ಹೆಚ್ಚು ಬಿದ್ದಾಗ, 2013ರ ಏಪ್ರಿಲ್‌ನಲ್ಲಿ ಮತ್ತೆ ಐದನೇ ಒಂದು ಭಾಗ ಬಿದ್ದಾಗ ಸುಮ್ನೆ ಇದ್ದರಾ? ಇದ್ದವರು ಕೆಲವರು. ಅವರಲ್ಲೂ ಅರ್ಧ ಜನ ಷೇರು ಪತ್ರ ಎಲ್ಲಿಟ್ಟಿದ್ದೇವೆ ಅಂತ ಮರೆತವರು ಇರಬೇಕು.

ಈಗ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಇನ್ನೂರು ಪುಟದ ಸಾದಾ ರೂಲ್ ಪುಸ್ತಕ. ಒಂದು ಷೇರಿಗೆ ಒಂದು ಪುಟ. ದರ ಬರೆಯುವುದಿಲ್ಲ. ಯಾಕೆ ತಗೊಂಡೆ ಅಂತ ಮೂರು ಸಾಲು, ಏನಾದರೆ ಕೊಡ್ತೇನೆ ಅಂತ ಒಂದು ಸಾಲು. ಒಂದು ಪುಟದಲ್ಲಿ ಹೀಗಿದೆ: "ಸಾಲ ಇಲ್ಲ. ಐದು ವರ್ಷದಿಂದ ಮಾರಾಟ ಏರ್ತಾ ಇದೆ, ಲಾಭದ ದುಡ್ಡು ನಿಜವಾಗಿ ಕೈಗೆ ಬರ್ತಾ ಇದೆ. ಪ್ರವರ್ತಕರ ಷೇರು ಅಡವಿಲ್ಲ. ಸಾಲ ಮಾಡಿ ಬೇರೆ ಧಂದೆಗೆ ಇಳಿದರೆ ಕೊಡೋದು." ಮೂರು ತಿಂಗಳಿಗೊಮ್ಮೆ ಫಲಿತಾಂಶ ಬಂದಾಗ ಆ ಪುಟ ತೆರೆದು ಓದುವುದು.

ಪುಸ್ತಕದಿಂದ ಎಲ್ಲ ಸರಿ ಆಯ್ತು ಅಂತ ಹೇಳಿದರೆ ಸುಳ್ಳು. ಹನ್ನೊಂದನೇ ಪುಟದಲ್ಲಿ ನೀಲಿ ಪೆನ್ನಿನಲ್ಲಿ ಬರೆದ ಕಾರಣವನ್ನು ಹೊಡೆದು, ಪಕ್ಕದಲ್ಲೇ ಕಪ್ಪು ಪೆನ್ನಿನಲ್ಲಿ ಹೊಸ ಕಾರಣ ಬರೆದಿದ್ದೇನೆ. ಮಾರಾಟ ಏರುತ್ತದೆ ಅಂತ ತಗೊಂಡದ್ದು, ಏರಲಿಲ್ಲ. ಕೂಡಲೇ "ಡಿವಿಡೆಂಡ್ ಚೆನ್ನಾಗಿದೆ" ಅಂತ ಬರೆದೆ. ಡಿವಿಡೆಂಡ್ ಕಡಿಮೆ ಆಯ್ತು, "ಜಾಗದ ಬೆಲೆಯೇ ಬೇಕಾದಷ್ಟಿದೆ" ಅಂತ ಕೆಂಪು ಪೆನ್ನಿನಲ್ಲಿ. ಮೂರು ಬಣ್ಣ ನೋಡಿದ ಮೇಲೆ ನಾಚಿಕೆ ಆಗಿ ಕೊಟ್ಟೆ. ಮೊದಲ ಬಣ್ಣಕ್ಕೇ ಕೊಡಬೇಕಿತ್ತು.

ಹಾಗಾದರೆ ಅಸಲಿಗೆ ಬೆಲೆಯೇ ಇಲ್ವಾ? ಒಂದು ಕಡೆ ಇದೆ. ಆದಾಯ ತೆರಿಗೆಯವರಿಗೆ ಅದು ಬೇಕು. 2024ರ ಜುಲೈ 23ರಿಂದ ವರ್ಷದೊಳಗೆ ಮಾರಿದರೆ ಲಾಭಕ್ಕೆ ಶೇ 20, ವರ್ಷ ದಾಟಿದ ಮೇಲೆ ಶೇ 12.5. ಅದರಲ್ಲೂ ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆ ಇಲ್ಲ. ನಷ್ಟವನ್ನು ರಿಟರ್ನ್‌ನಲ್ಲಿ ಸಮಯಕ್ಕೆ ಸರಿಯಾಗಿ ತೋರಿಸಿದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ತೆರಿಗೆಯ ವರ್ಷ ಮುಗಿಯುವ ಮಾರ್ಚ್ ತಿಂಗಳಲ್ಲಿ ಭಾವ 340ರ ಬಗ್ಗೆ ಯೋಚಿಸಿದರೆ ನನ್ನ ಅಡ್ಡಿ ಇಲ್ಲ.

ಇಷ್ಟೆಲ್ಲ ಹೇಳಿದವನ ಮನೆಯಲ್ಲೇ ಒಂದು ಷೇರಿದೆ. ಅದಕ್ಕೆ ನೋಟ್‌ಬುಕ್ಕಿನಲ್ಲಿ ಪುಟ ಇಲ್ಲ.

ಅಪ್ಪನ ಖಾತೆ ಮೊದಲಿನಿಂದಲೂ ಸಿಂಡಿಕೇಟ್ ಬ್ಯಾಂಕಿನಲ್ಲಿ. ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು. ಮನೆಗೆ ಪಿಗ್ಮಿಯವರು (ಸಣ್ಣ ಉಳಿತಾಯದ ದುಡ್ಡು ಕೂಡಿಸಲು ಬರುವ ಬ್ಯಾಂಕಿನವರು) ಬಂದರೆ ಅಜ್ಜಿ ಮಜ್ಜಿಗೆ ಕೊಡುತ್ತಿದ್ದರು. 1999ರಲ್ಲಿ ಬ್ಯಾಂಕು ಜನರಿಗೆ ಷೇರು ಕೊಟ್ಟಾಗ ಅಪ್ಪ 10 ರೂಪಾಯಿಯಂತೆ ಸಾವಿರ ಷೇರು ತಗೊಂಡರು. 2020ರ ಏಪ್ರಿಲ್ 1ರಂದು ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿತು. ಸಾವಿರ ಸಿಂಡಿಕೇಟ್ ಷೇರಿಗೆ 158 ಕೆನರಾ ಷೇರಿನ ಲೆಕ್ಕ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಸಾವಿರ ಇದ್ದದ್ದು ನೂರೈವತ್ತೆಂಟಾ?" ಕೆನರಾ ಷೇರಿನ ದರ ಜಾಸ್ತಿ, ಬೆಲೆ ಕಟ್ಟಿಯೇ ಕೊಟ್ಟದ್ದು ಅಂತ ನಾನು ಪೇಪರಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. ತಲೆ ಅಲ್ಲಾಡಿಸಿದರು, ಒಪ್ಪಲಿಲ್ಲ. 2024ರ ಮೇ ತಿಂಗಳಲ್ಲಿ ಕೆನರಾ ಷೇರು ಒಂದು ಐದಾಗಿ ಒಡೆಯಿತು. 158 ಇದ್ದದ್ದು 790. ಐನೂರು ಚಿಲ್ಲರೆ ಇದ್ದ ದರ ನೂರು ಚಿಲ್ಲರೆಗೆ ಇಳಿದದ್ದನ್ನು ಅವರು ನೋಡಲೇ ಇಲ್ಲ. "ನೋಡು, ವಾಪಸ್ ಬಂತು" ಅಂದರು. ಅವತ್ತು ಎರಡು ಹೋಳಿಗೆ ಜಾಸ್ತಿ ತಿಂದರು.

ಇಡ್ಲಾ, ಕೊಡ್ಲಾ ಅಂತ ಅಪ್ಪ ಯಾವತ್ತೂ ಕೇಳಿಲ್ಲ. ನಾನೂ ಹೇಳಿಲ್ಲ. ತಿಂಗಳಿಗೊಮ್ಮೆ ಫೋನಿನಲ್ಲಿ ದರ ಮಾತ್ರ ಕೇಳುತ್ತಾರೆ. ಹೋದ ಸಲ 110 ಅಂದೆ.

"ಅದು ಸಿಂಡಿಕೇಟ್ ಲೆಕ್ಕದಲ್ಲಿ ಎಷ್ಟಾಯ್ತು?"

ಸಾವಿರ ಇದ್ದದ್ದು ಈಗ 790 ಅಲ್ವಾ, 0.79ರಿಂದ ಗುಣಿಸಿದೆ. "87 ಹತ್ತಿರ ಅಪ್ಪ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ನಾವು ಹತ್ತಕ್ಕೆ ತಗೊಂಡದ್ದಲ್ವಾ," ಅಂದರು.