ಹಳೆಯ ವಾಲ್ವ್ ಸ್ಪ್ರಿಂಗ್: ಕೈಯ ಅಂದಾಜು ಮತ್ತು ವರ್ನಿಯರಿನ ಅಳತೆ

ಗುಜರಿಯಿಂದ ತಂದ ವಾಲ್ವ್ ಸ್ಪ್ರಿಂಗನ್ನು (ಸಿಲಿಂಡರಿನ ಗಾಳಿ-ಹೊಗೆಯ ದಾರಿಯ ವಾಲ್ವನ್ನು ಮುಚ್ಚಿಡುವ ಸ್ಪ್ರಿಂಗನ್ನು) ಎಂಜಿನ್ನಿಗೆ ಜೋಡಿಸುವ ಮುನ್ನ ಪರೀಕ್ಷಿಸುವ ವಿಷಯದಲ್ಲಿ, ನಮ್ಮ ತುಮಕೂರು ಕಡೆಯ ಗ್ಯಾರೇಜುಗಳ ರೂಢಿಗೂ ನಾನೀಗ ನೆಲೆಸಿರುವ ಹೊಸೂರಿನ ರೂಢಿಗೂ ಬಹಳ ಅಂತರವಿದೆ. ಅತ್ತಿಬೆಲೆಯ ಗಡಿ ದಾಟಿದರೆ ಸಿಗುವ ಊರು ಇದು; ಬಿಡಿಭಾಗ ಬೇಕಾದಾಗ ಇಲ್ಲಿಯವರೂ ನಮ್ಮವರೂ ಹೋಗುವುದು ಬೆಂಗಳೂರಿನ ಜೆ.ಸಿ. ರಸ್ತೆಗೆ ಅಥವಾ ಶಿವಾಜಿನಗರಕ್ಕೆ. ಸರಕು ಒಂದೇ ಆದರೂ ಅದನ್ನು ನೋಡುವ ಕ್ರಮ ಬೇರೆ, ಮತ್ತು ಈ ವಿಷಯದಲ್ಲಿ ಹೊಸೂರಿನ ಕ್ರಮವೇ ಸರಿಯೆಂದು ನಾನು ನಂಬಿದ್ದೇನೆ.

ನಮ್ಮ ಕಡೆ ಸ್ಪ್ರಿಂಗನ್ನು ಡೀಸೆಲ್‌ನಲ್ಲಿ ತೊಳೆದು, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒತ್ತಿ, "ಗಟ್ಟಿಯಾಗಿದೆ, ಹಾಕಬಹುದು" ಎನ್ನುತ್ತಾರೆ. ಅನುಭವಿ ಮೇಸ್ತ್ರಿಯ ಕೈಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಆದರೆ ಇಲ್ಲಿನ ಲೆಕ್ಕವೇ ಕೈಗೆ ಎಟುಕದಂಥದ್ದು. ಉದಾಹರಣೆಗೆ, 50 ಮಿ.ಮೀ. ಉದ್ದದ ಒಂದು ಸ್ಪ್ರಿಂಗ್ ಸಿಲಿಂಡರಿನ ಮುಚ್ಚಳವಾದ ಹೆಡ್‌ನಲ್ಲಿ 40 ಮಿ.ಮೀ. ಎತ್ತರಕ್ಕೆ ಕೂರುತ್ತದೆ, ಪ್ರತಿ ಮಿಲಿಮೀಟರ್ ಅದುಮಲು 2.5 ಕೆ.ಜಿ. ಬಲ ಬೇಕು ಎಂದುಕೊಳ್ಳೋಣ. ವಾಲ್ವ್ ಮುಚ್ಚಿದಾಗ ಅದರ ಒತ್ತಡ 25 ಕೆ.ಜಿ. ಅದೇ ಸ್ಪ್ರಿಂಗ್ ಬಳಕೆಯಿಂದ ಸೋತು 2 ಮಿ.ಮೀ. ಗಿಡ್ಡವಾದರೆ ಉದ್ದದಲ್ಲಿ ಕಳೆದದ್ದು ನೂರಕ್ಕೆ 4 ಮಾತ್ರ. ಒತ್ತಡದಲ್ಲಿ ಕಳೆದದ್ದು 5 ಕೆ.ಜಿ., ಅಂದರೆ ನೂರಕ್ಕೆ 20. ಮೂಲ ಒತ್ತಡದಲ್ಲಿ ನೂರಕ್ಕೆ 10ರಷ್ಟು ಕಡಿಮೆಯಾದರೇ ಸ್ಪ್ರಿಂಗ್ ಬದಲಿಸಬೇಕೆಂಬುದು ಈ ಕೆಲಸದಲ್ಲಿ ಸಾಮಾನ್ಯವಾಗಿ ಪಾಲಿಸುವ ನಿಯಮ. ಆ 2 ಮಿಲಿಮೀಟರನ್ನು ಕಣ್ಣು ಹಿಡಿಯುವುದಿಲ್ಲ, 25 ಕೆ.ಜಿ.ಗೂ 20 ಕೆ.ಜಿ.ಗೂ ಇರುವ ಅಂತರ ಹೆಬ್ಬೆರಳಿಗೆ ತಿಳಿಯುವುದಿಲ್ಲ.

ಅಶೋಕ್ ಲೇಲ್ಯಾಂಡ್, ಟಿ.ವಿ.ಎಸ್.ನಂಥ ಕಾರ್ಖಾನೆಗಳಿರುವ ಊರಾದ್ದರಿಂದ ಹೊಸೂರಿನ ಸಣ್ಣ ವರ್ಕ್‌ಶಾಪುಗಳಲ್ಲೂ ಅಳತೆಯ ಅಭ್ಯಾಸ ಬೇರೂರಿದೆ. ನಾನು ಕಂಡ ಕೆಲಸಗಾರರು ಮೊದಲು ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದು ಬಿಡಿ ಉದ್ದವನ್ನು, ಅಂದರೆ ಅದುಮದಿರುವಾಗಿನ ಉದ್ದವನ್ನು, ಅಳೆದು, ಆ ಎಂಜಿನ್ನಿನ ಕೈಪಿಡಿಯಲ್ಲಿರುವ ಸಂಖ್ಯೆಗೆ ಹೋಲಿಸುತ್ತಾರೆ. ಆಮೇಲೆ ಸಮತಟ್ಟಾದ ತಟ್ಟೆಯ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಮೂಲೆಮಟ್ಟವಿಟ್ಟು, ಸ್ಪ್ರಿಂಗನ್ನು ನಿಧಾನವಾಗಿ ತಿರುಗಿಸುತ್ತಾ ತುದಿ ಎಷ್ಟು ವಾಲಿದೆಯೆಂದು ನೋಡುತ್ತಾರೆ. ವಾಲಿದ ಸ್ಪ್ರಿಂಗ್ ವಾಲ್ವಿನ ಕಡ್ಡಿಯನ್ನು ಸದಾ ಒಂದೇ ಪಕ್ಕಕ್ಕೆ ತಳ್ಳಿ, ಕಡ್ಡಿ ಜಾರುವ ಕೊಳವೆಯಾದ ಗೈಡನ್ನು ಸವೆಸುತ್ತದೆ; ಮುಂದೆ ಆ ಸಂದಿನಲ್ಲಿ ಆಯಿಲ್ ಇಳಿದು ನೀಲಿ ಹೊಗೆ ಬರುತ್ತದೆ. ಕೊನೆಗೆ ಸ್ಪ್ರಿಂಗಿನ ಒತ್ತಡ ತೋರಿಸುವ ಟೆಸ್ಟರ್‌ನಲ್ಲಿ ಕೂರುವ ಎತ್ತರಕ್ಕೆ ಅದುಮಿ ಒತ್ತಡವನ್ನು ಓದುತ್ತಾರೆ.

ಅಳತೆಯಲ್ಲಿ ಗೆದ್ದ ಸ್ಪ್ರಿಂಗ್ ಕೂಡ ತಂತಿಯ ಮೈ ಕೆಟ್ಟಿದ್ದರೆ ಬಳಕೆಗೆ ಬಾರದು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಅದರ ಅರ್ಧದಷ್ಟು ತಿರುಗುತ್ತದೆ. ಪ್ರತಿಯೊಂದು ಸ್ಪ್ರಿಂಗ್ ನಿಮಿಷಕ್ಕೆ 1500 ಸಲ, ಗಂಟೆಗೆ 90,000 ಸಲ ಕುಗ್ಗಿ ಹಿಗ್ಗುತ್ತದೆ. ಇಷ್ಟು ಸಲ ಮಣಿಯುವ ತಂತಿಯಲ್ಲಿ ಒಂದು ಸಣ್ಣ ತುಕ್ಕಿನ ಕುಳಿಯಿಂದಲೋ ಇಕ್ಕಳದ ಹಲ್ಲಿನ ಗೀರಿನಿಂದಲೋ ಬಿರುಕು ಶುರುವಾಗುತ್ತದೆ. ಅನೇಕ ವಾಲ್ವ್ ಸ್ಪ್ರಿಂಗುಗಳ ಮೈಗೆ ತಯಾರಿಕೆಯಲ್ಲೇ ಸಣ್ಣ ಉಕ್ಕಿನ ಗುಂಡುಗಳನ್ನು ಸಿಡಿಸಿ, ಬಿರುಕು ಹುಟ್ಟದಂತೆ ಮೇಲ್ಪದರವನ್ನು ಬಲಪಡಿಸಿರುತ್ತಾರೆ. ಆದ್ದರಿಂದ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ಹೊಳಪು ತಂದು ಹಾಕುವ ಪದ್ಧತಿಯನ್ನು ನಾನು ಖಂಡಿತ ಒಪ್ಪುವುದಿಲ್ಲ: ಉಜ್ಜಿದಾಗ ಆ ಪದರಕ್ಕೇ ಪೆಟ್ಟು, ಕುಳಿಯ ಆಳ ಮಾತ್ರ ಉಳಿದೇ ಇರುತ್ತದೆ. ಮಳೆಯಲ್ಲಿ ನೆನೆದ ರಾಶಿಯಿಂದ ಆರಿಸುವಾಗ ಭೂತಗನ್ನಡಿ ಜೊತೆಗಿರಬೇಕು. ಕುಳಿ ಕಂಡರೆ ಬೆಲೆ ಕೇಳುವ ಅಗತ್ಯವೇ ಇಲ್ಲ. ಒಳಗೊಂದು ಹೊರಗೊಂದು ಇರುವ ಜೋಡಿ ಸ್ಪ್ರಿಂಗಾದರೆ ಎರಡರ ಸುತ್ತು ಸಾಮಾನ್ಯವಾಗಿ ವಿರುದ್ಧ ದಿಕ್ಕಿಗಿರುತ್ತದೆ. ಒಂದೇ ದಿಕ್ಕಿಗಿದ್ದರೆ ಯಾರೋ ಬೇರೆ ಬೇರೆ ಎಂಜಿನ್ನಿನವನ್ನು ಸೇರಿಸಿರಬಹುದೆಂದು ಅನುಮಾನಿಸಬೇಕು.

ಟೆಸ್ಟರ್ ಇಲ್ಲದವರಿಗೆ ನಮ್ಮ ಕಡೆಯ ಹಿರಿಯ ಮೇಸ್ತ್ರಿಗಳ ಒಂದು ಉಪಾಯವಿದೆ, ಅದನ್ನು ಹೊಸೂರಿನವರೂ ಕಲಿಯಬೇಕು. ಅದೇ ಪಾರ್ಟ್ ನಂಬರಿನ ಹೊಸ ಸ್ಪ್ರಿಂಗನ್ನೂ ಹಳೆಯದನ್ನೂ ನಡುವೆ ಒಂದು ವಾಶರ್ ಇಟ್ಟು, ಚಿಮ್ಮದಂತೆ ಉದ್ದನೆಯ ಬೋಲ್ಟ್ ತೂರಿಸಿ, ನಟ್ ಬಿಗಿಯುತ್ತಾ ಅದುಮುತ್ತಾರೆ. ಎರಡರ ಮೇಲೂ ಬೀಳುವ ಬಲ ಒಂದೇ ಆದ್ದರಿಂದ ಸೋತದ್ದು ಗಿಡ್ಡವಾಗಿ ಕಾಣುತ್ತದೆ. ಹೊಸದನ್ನು ಬಿಟ್ಟು ಎರಡು ಹಳೆಯವನ್ನೇ ಹೋಲಿಸಿದರೆ ಮಾತ್ರ ಪ್ರಯೋಜನವಿಲ್ಲ, ಏಕೆಂದರೆ ಎರಡೂ ಸಮನಾಗಿ ಸೋತಿರಬಹುದು. ಸೋತ ಸ್ಪ್ರಿಂಗಿನ ಕೆಳಗೆ ದಪ್ಪ ವಾಶರ್ ಇಟ್ಟು ಒತ್ತಡ ಕೂಡಿಸುವವರೂ ಉಂಟು. ಹಾಗೆ ಮಾಡಿದಾಗ ವಾಲ್ವ್ ಪೂರ್ತಿ ತೆರೆದಾಗ ಸುತ್ತಿಗೆ ಸುತ್ತು ತಾಗುವ ಅಪಾಯವಿದೆ, ತಂತಿಯ ದಣಿವಂತೂ ವಾಶರಿನಿಂದ ಹೋಗದು.

ಎರಡೂ ಕಡೆಯವರು ಸಾಕಷ್ಟು ಗಮನ ಕೊಡದಿರುವುದು ಸ್ಪ್ರಿಂಗಿನ ತಲೆಯ ಕ್ಯಾಪ್ ಮತ್ತು ಆ ಕ್ಯಾಪನ್ನು ವಾಲ್ವಿನ ಕಡ್ಡಿಗೆ ಹಿಡಿದಿಡುವ ಎರಡು ಹೋಳಿನ ಲಾಕ್‌ಗಳಿಗೆ. ಕ್ಯಾಪಿನ ಓರೆ ರಂಧ್ರದಲ್ಲಿ ಮೆಟ್ಟಿಲಿನಂಥ ಸವೆತವಿದೆಯೇ, ಲಾಕಿನ ಒಳ ಏಣು ದುಂಡಗಾಗಿದೆಯೇ ಎಂದು ಉಗುರು ಎಳೆದು ನೋಡಬೇಕು. ಕಡ್ಡಿಯನ್ನು ಬಿಗಿಯಾಗಿ ಹಿಡಿಯುವ ಬಗೆಯ ಲಾಕಾದರೆ ಎರಡು ಹೋಳುಗಳ ನಡುವೆ ಇಬ್ಬದಿಯಲ್ಲೂ ಸಂದು ಉಳಿಯಬೇಕು. ಹೋಳುಗಳು ಒಂದಕ್ಕೊಂದು ತಾಗಿದ್ದರೆ ಹಿಡಿತ ಹೋಗಿದೆ ಎಂದರ್ಥ. ವಾಲ್ವ್ ತಿರುಗಲೆಂದೇ ತಾಗುವಂತೆ ಮಾಡಿದ, ಹಲವು ತೋಡುಗಳಿರುವ (ಮಲ್ಟಿ-ಗ್ರೂವ್) ಲಾಕ್‌ಗಳಿಗೆ ಈ ಮಾತು ಅನ್ವಯಿಸದು. ಲಾಕ್ ಜಾರಿದರೆ ವಾಲ್ವ್ ಸಿಲಿಂಡರಿಗೆ ಬಿದ್ದು ಪಿಸ್ಟನ್ನೂ ಹೆಡ್ಡೂ ಒಟ್ಟಿಗೇ ಹಾಳಾಗುತ್ತವೆ. ಆದ್ದರಿಂದ ಪರೀಕ್ಷೆಯಲ್ಲಿ ಗೆದ್ದ ಹಳೆಯ ಸ್ಪ್ರಿಂಗನ್ನು ನಾನು ಒಪ್ಪುತ್ತೇನೆ, ಲಾಕ್‌ಗಳನ್ನು ಮಾತ್ರ ಹೊಸದಾಗಿಯೇ ಕೊಳ್ಳಿ ಎನ್ನುತ್ತೇನೆ.