ಬ್ರಿಟನ್ನಿನ ಜಮೀನೆಲ್ಲ ಸರ್ಕಾರದ್ದಾಗಲಿಲ್ಲ

'1947ರಲ್ಲಿ ಲೇಬರ್ ಪಕ್ಷದ ಮಂತ್ರಿ ಲೂಯಿಸ್ ಸಿಲ್ಕಿನ್ ಬ್ರಿಟನ್ನಿನ ಜಮೀನನ್ನೆಲ್ಲ ಸರ್ಕಾರಕ್ಕೆ ಬರೆಸಿಕೊಂಡರು' ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಸಿಲ್ಕಿನ್ ಇಂಗ್ಲೆಂಡ್, ವೇಲ್ಸ್‌ಗೆ ತಂದ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯನ್ನೇ ತೆಗೆದು ನೋಡಿ. ಜಮೀನು ಮಾಲೀಕರ ಹೆಸರಲ್ಲೇ ಉಳಿಯಿತು. ಅದರಲ್ಲಿ ಕಟ್ಟಡ ಕಟ್ಟಲು, ಬಳಕೆ ಬದಲಿಸಲು ಮಾತ್ರ ಸ್ಥಳೀಯ ಯೋಜನಾ ಪ್ರಾಧಿಕಾರದ ಅನುಮತಿ ಬೇಕಾಯಿತು. ಹೊಲದಲ್ಲಿ ಗೋಧಿ ಬಿಟ್ಟು ಆಲೂಗಡ್ಡೆ ಹಾಕಲು ಈ ಕಾಯ್ದೆಯಡಿ ಯಾರನ್ನೂ ಕೇಳಬೇಕಿರಲಿಲ್ಲ. ಅದೇ ಹೊಲದಲ್ಲಿ ಮನೆಗಳನ್ನು ಕಟ್ಟಿ ಮಾರಲು ಕೇಳಬೇಕಿತ್ತು.

ಗೊಂದಲ ಹುಟ್ಟಿದ್ದು ಬಹುಶಃ ಅಭಿವೃದ್ಧಿ ಶುಲ್ಕದಿಂದ. ಅನುಮತಿಯಿಂದ ಜಮೀನಿನ ಬೆಲೆ ಎಷ್ಟು ಏರುತ್ತದೋ ಅಷ್ಟನ್ನೂ ಸರ್ಕಾರಕ್ಕೆ ಕಟ್ಟಬೇಕಿತ್ತು. ಸ್ವಲ್ಪ ಜಾಸ್ತಿನೇ ಆಯ್ತು, ಅಲ್ವಾ? 1953ರ ಕಾಯ್ದೆ ಆ ಶುಲ್ಕವನ್ನು ರದ್ದು ಮಾಡಿತು. ಅನುಮತಿಯ ಪದ್ಧತಿ ಇಂದಿಗೂ ಇದೆ.