ಆರನೆಯ ದಿನದ ಪಿಂಡ

ನಮ್ಮ ಸೋದರತ್ತೆ ತೀರಿಕೊಂಡು ಮೊನ್ನೆಗೆ ಒಂದು ತಿಂಗಳು. ಮಾಸಿಕ ಮುಗಿಸಿ ಊರಿಂದ ಬಂದು ಇದನ್ನು ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಅತ್ತೆಗೆ 81 ವರ್ಷ. ಹದಿನೇಳಕ್ಕೆ ಮದುವೆ. ಹತ್ತೊಂಬತ್ತು ತುಂಬುವ ಮೊದಲೇ ಗಂಡ ಕ್ಷಯದಲ್ಲಿ ಹೋದರು. ಸಂಸಾರ ಮಾಡಿದ್ದು ಹದಿನಾಲ್ಕು ತಿಂಗಳು. ಆಮೇಲೆ ತವರಿಗೆ ಬಂದವರು, ಶಿಕಾರಿಪುರದ ಕಡೆಯ ನಮ್ಮ ಹಳ್ಳಿಮನೆಯ ಒಲೆ ಮುಂದೆ ಅರವತ್ತು ವರ್ಷಕ್ಕೂ ಜಾಸ್ತಿ ಕೂತರು. ತಲೆ ಬೋಳಿಸಲು ಅಜ್ಜ ಬಿಡಲಿಲ್ಲವಂತೆ. ನಮ್ಮ ಮನೆಯವರು ಈಗಲೂ ಅದನ್ನೊಂದು ದೊಡ್ಡ ಸಮಾಜ ಸುಧಾರಣೆ ಎಂಬಂತೆ ಹೇಳಿಕೊಳ್ಳುತ್ತಾರೆ. ವಿಧವೆಯರ ಮರುಮದುವೆಗೆ ಕಾಯ್ದೆ ಬಂದದ್ದು 1856ರಲ್ಲಿ. ಅದಾಗಿ ನೂರು ವರ್ಷ ದಾಟಿದ ಮೇಲೂ, ಈ ಹುಡುಗಿಗೆ ಇನ್ನೊಂದು ಗಂಡು ನೋಡೋಣ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಅವರು ಹೋದ ದಿನ ಬಂದವರೆಲ್ಲ ಹೇಳಿದ್ದು ಒಂದೇ. "ಪುಣ್ಯವಂತೆ, ಕೊನೆಗೂ ಗಂಡನ ಪಾದ ಸೇರಿಕೊಂಡಳು."

ಕಾಲೇಜಿಗೆ ಹೋಗುತ್ತಿದ್ದಾಗ ಒಮ್ಮೆ ಕೇಳಿದ್ದೆ, ಮಾವನ ಮುಖ ನೆನಪಿದೆಯಾ ಅತ್ತೆ ಅಂತ. ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನ ಹಣ್ಣು ಬಿಡಿಸುತ್ತಿದ್ದರು. "ಮುಖ ಮರೆತುಹೋಗಿದೆ ಕಣೇ. ಕೆಮ್ಮು ನೆನಪಿದೆ" ಅಂದರು.

ಅಲ್ಲಿ ಕಾಯುತ್ತಿರುವುದು ಇಪ್ಪತ್ತೈದಕ್ಕೇ ನಿಂತುಹೋದ ಹುಡುಗ. ಇಲ್ಲಿಂದ ಹೋಗಿರುವುದು ಎಂಬತ್ತೊಂದರ ಮುದುಕಿ. ಅವನು ಕೆಮ್ಮದಿದ್ದರೆ ಇವರಿಗೆ ಗುರುತೇ ಸಿಗುವುದಿಲ್ಲ.

ಆ ಹದಿಮೂರು ದಿನ ಮನೆಯಲ್ಲಿ ಗರುಡಪುರಾಣ ಓದಿಸಿದರು. ನಾನು ಮೊದಲ ಸಲ ಪೂರ್ತಿ ಕೂತು ಕೇಳಿದೆ. ಸತ್ತವರಿಗೆ ಹೊಸ ದೇಹ ಹೇಗೆ ಬರುತ್ತದೆ ಎಂಬುದು ಅದರಲ್ಲಿ ದಿನದ ಲೆಕ್ಕದಲ್ಲಿದೆ. ಮೊದಲ ದಿನದ ಪಿಂಡದಿಂದ ತಲೆ. ಎರಡನೆಯ ದಿನ ಕುತ್ತಿಗೆ, ಭುಜ. ಮೂರಕ್ಕೆ ಎದೆ, ನಾಲ್ಕಕ್ಕೆ ಬೆನ್ನು, ಐದಕ್ಕೆ ಹೊಕ್ಕುಳು. ಆರನೆಯ ದಿನ ಸೊಂಟ ಮತ್ತು ಗುಹ್ಯ. ಅಷ್ಟು ಹೊತ್ತು ಹೊರಗೆ ಅಂಗಳದವರೆಗೂ ಕೇಳುತ್ತಿದ್ದ ಪುರೋಹಿತರ ದನಿ ಅಲ್ಲಿ ಇಳಿಯಿತು. ಹೆಂಗಸರು ಕೂತ ಕಡೆ ಒಮ್ಮೆ ನೋಡಿ, ಬೇಗ ತೊಡೆಗೆ ದಾಟಿಬಿಟ್ಟರು. ಹತ್ತನೆಯ ದಿನಕ್ಕೆ ಹಸಿವು, ಬಾಯಾರಿಕೆ ಬರುತ್ತವೆ. ಅಲ್ಲಿಗೆ ದೇಹ ತಯಾರು. ಮುಂದೆ ಯಮಲೋಕಕ್ಕೆ 86,000 ಯೋಜನ ದಾರಿ, ನಡುವೆ 16 ಪಟ್ಟಣ.

ನನಗೆ ಆ ಆರನೆಯ ದಿನವೇ ತಲೆಯಲ್ಲಿ ಉಳಿದುಹೋಯಿತು. ಬದುಕಿದ್ದಾಗ ಆ ಅಂಗದ ಬಗ್ಗೆ, ಅದರ ಆಸೆಯ ಬಗ್ಗೆ ಅತ್ತೆ ಒಂದು ಮಾತು ಆಡುವ ಹಾಗಿರಲಿಲ್ಲ. ಸತ್ತ ಮೇಲೆ ಅನ್ನ, ಎಳ್ಳು ಕಲಸಿ ಅದನ್ನು ಮತ್ತೆ ಕಟ್ಟಿಕೊಡುತ್ತಾರೆ. ಯಾತಕ್ಕೆ? ಮುಂದಿನ ಅಧ್ಯಾಯಗಳನ್ನು ಕೇಳಿದರೆ ಗೊತ್ತಾಗುತ್ತದೆ. ಅದು ಸುಖಕ್ಕಲ್ಲ. ಆ ದೇಹದ ಹೆಸರೇ ಯಾತನಾದೇಹ.

ನಮ್ಮ ನರಕಗಳು ಕಾಮದ ವಿಷಯದಲ್ಲಿ ಬಹಳ ಚುರುಕು. ಭಾಗವತದ ಐದನೆಯ ಸ್ಕಂಧದಲ್ಲಿ 28 ನರಕಗಳ ಪಟ್ಟಿ ಇದೆ. ತಪ್ತಸೂರ್ಮಿ ಅಂತ ಒಂದು. ಕೂಡಬಾರದವರ ಜೊತೆ ಕೂಡಿದವರು ಅಲ್ಲಿ ಕೆಂಪಗೆ ಕಾದ ಲೋಹದ ಗೊಂಬೆಯನ್ನು ತಬ್ಬಿಕೊಳ್ಳಬೇಕು. ಗಂಡಸಿಗೆ ಹೆಣ್ಣಿನ ಗೊಂಬೆ, ಹೆಂಗಸಿಗೆ ಗಂಡಿನ ಗೊಂಬೆ. ಇನ್ನೊಂದರಲ್ಲಿ ಮುಳ್ಳಿನ ಬೂರುಗದ ಮರದ ಮೇಲೆ ಎಳೆದಾಡುತ್ತಾರೆ. ಇದನ್ನೆಲ್ಲ ಬರೆದವರು ಎಷ್ಟು ಹೊತ್ತು ಕೂತು ಕಲ್ಪಿಸಿಕೊಂಡಿರಬೇಕು ಅಂತ ನನಗೆ ಒಳಗೊಳಗೇ ನಗು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಕಾದ ಗೊಂಬೆ ಇಬ್ಬರಿಗೂ ಇದೆ. ಗಂಡಸನ್ನು ಬಿಟ್ಟು ಹೆಂಗಸನ್ನು ಮಾತ್ರ ಸುಟ್ಟಿಲ್ಲ. ಅಷ್ಟರ ಮಟ್ಟಿಗೆ ಅದು ನಮ್ಮ ಊರಿಗಿಂತ ವಾಸಿ. ಆದರೆ ಕೂಡಬಾರದವರು ಯಾರು ಅಂತ ತೀರ್ಮಾನ ಮಾಡುವವರು ಯಾರು? ಅತ್ತೆಗೆ ಹತ್ತೊಂಬತ್ತರಿಂದಾಚೆ ಈ ಭೂಮಿ ಮೇಲಿನ ಎಲ್ಲ ಗಂಡಸರೂ ಆ ಪಟ್ಟಿಗೆ ಸೇರಿಬಿಟ್ಟರು. ಅದೇ ಮನೆಯ ನಮ್ಮ ದೊಡ್ಡಪ್ಪನಿಗೆ ಪೇಟೆಯಲ್ಲಿ ಇನ್ನೊಂದು ಮನೆ ಇತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವರು ಹೋದಾಗಲೂ ಇದೇ ಪುರೋಹಿತರು, ಇದೇ ಪುರಾಣ, ಹದಿಮೂರನೆಯ ದಿನ ಇದೇ ವೈಕುಂಠ ಸಮಾರಾಧನೆ. ವೈತರಣಿ ದಾಟಲು ಹಸುವಿನ ಬಾಲ ಹಿಡಿಯಬೇಕು ಅಲ್ವಾ, ಅದಕ್ಕೆ ಇಬ್ಬರ ಹೆಸರಲ್ಲೂ ಗೋದಾನ ಆಯಿತು. ಹಸು ಬರಲಿಲ್ಲ, ತೆಂಗಿನಕಾಯಿ ಮೇಲೆ ದಕ್ಷಿಣೆ ಇಟ್ಟು ಕೊಟ್ಟರು. ಅತ್ತೆಯ ಹೆಸರಲ್ಲಿ ಛತ್ರಿ, ಚಪ್ಪಲಿಯ ದಾನವೂ ಆಯಿತು. ಹೊಸ ಛತ್ರಿ. ಅಷ್ಟು ಮಳೆಗಾಲ ಅವರು ಕಂಬಳಿಕೊಪ್ಪೆ ಹಾಕಿಕೊಂಡೇ ಕೊಟ್ಟಿಗೆಗೆ ಹೋಗಿದ್ದು ನನಗೆ ಗೊತ್ತು.

ಭೂಮಿಯ ಕೋರ್ಟಾದರೂ ತಡವಾಗಿ ತಿದ್ದಿಕೊಳ್ಳುತ್ತದೆ. ಭಾರತೀಯ ದಂಡ ಸಂಹಿತೆಯ 497ನೇ ಕಲಂ ನೆನಪಿರಬೇಕು. ಒಬ್ಬನ ಹೆಂಡತಿಯ ಜೊತೆ ಇನ್ನೊಬ್ಬ ಕೂಡಿದರೆ ಅಪರಾಧ, ಗಂಡ ಒಪ್ಪಿದ್ದರೆ ಅಪರಾಧ ಅಲ್ಲ. ಅಂದರೆ ಹೆಂಡತಿ ಅವನ ಸ್ವತ್ತು. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 27ರಂದು ಅದನ್ನು ತೆಗೆದುಹಾಕಿತು. ಅದೇ ತಿಂಗಳ 6ರಂದು, ಒಪ್ಪಿ ಕೂಡುವ ಇಬ್ಬರು ವಯಸ್ಕರು ಗಂಡು-ಗಂಡೋ ಹೆಣ್ಣು-ಹೆಣ್ಣೋ ಎಂಬ ಕಾರಣಕ್ಕೆ 377ನೇ ಕಲಮಿನಡಿ ಅಪರಾಧಿಗಳಲ್ಲ ಎಂದಿತು. ಯಮನ ಕೋರ್ಟಿಗೆ ಇನ್ನೂ ಆ ತೀರ್ಪಿನ ಪ್ರತಿ ಹೋದಂತಿಲ್ಲ. ಚಿತ್ರಗುಪ್ತ ಹಳೇ ಕಲಮುಗಳಲ್ಲೇ ಬರೆಯುತ್ತಿದ್ದಾನೆ.

ನರಕ ಸಾಕು. ನನಗೆ ನಿಜವಾದ ತಕರಾರಿರುವುದು ಸ್ವರ್ಗದ ಮೇಲೆ.

ಬಳ್ಳಿಗಾವಿ ನಮಗೆ ಹತ್ತಿರ. ಕೇದಾರೇಶ್ವರ ಗುಡಿಯ ಹತ್ತಿರ ಎಷ್ಟು ವೀರಗಲ್ಲು! ಚಿಕ್ಕಂದಿನಿಂದ ನೋಡಿದ್ದೇವೆ. ಕೆಳಗಿನ ಪಟ್ಟಿಯಲ್ಲಿ ಯುದ್ಧ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಆರಾಮಾಗಿ ಕೂತಿದ್ದಾನೆ. ನಮ್ಮ ಎಷ್ಟೋ ವೀರಗಲ್ಲುಗಳ ಮೇಲೆ ಒಂದು ಶ್ಲೋಕ ಇದೆ: "ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ." ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು. ಮುಚ್ಚುಮರೆ ಏನಿಲ್ಲ. ತುರು ಕಾಯಲು, ಊರು ಕಾಯಲು ಹೋದವನಿಗೆ ಇದು ಸಂಬಳ. ನಡುವಿನ ಪಟ್ಟಿಯ ಆ ಅಪ್ಸರೆಯರ ಮುಖವನ್ನೂ ಒಮ್ಮೆ ನೋಡಿ. ಇಂದು ಇವನು, ನಾಳೆ ಇನ್ನೊಬ್ಬ. ಅವರಿಗೆ ಅದು ಸ್ವರ್ಗವೋ, ಡ್ಯೂಟಿಯೋ? ಮೇನಕೆಯನ್ನು ವಿಶ್ವಾಮಿತ್ರನ ತಪಸ್ಸು ಕೆಡಿಸಲು ಕಳಿಸುವಾಗ ಇಂದ್ರ ಅವಳನ್ನು ಕಳಿಸಿದ್ದು ಕೆಲಸದವಳ ಹಾಗೆ. ಆ ಇಂದ್ರನೂ ಯಾರು? ಅಹಲ್ಯೆಯ ಮನೆಗೆ ಗೌತಮನ ವೇಷದಲ್ಲಿ ನುಗ್ಗಿದವನು. ಅವಳು ಕಲ್ಲಾದಳು ಅಂತ ನಮ್ಮ ಕಡೆ ಹೇಳುತ್ತಾರೆ. ಅವನಿಗೂ ಶಾಪ ಆಯಿತು, ಮೈತುಂಬ ಕಣ್ಣಾಯಿತು, ಸರಿ. ಸಿಂಹಾಸನ ಮಾತ್ರ ಅವನದ್ದೇ ಉಳಿಯಿತು.

ಈಗ ಮಾಸ್ತಿಗಲ್ಲಿಗೆ ಬನ್ನಿ. ನಮ್ಮೂರ ಕೆರೆ ಏರಿ ಮೇಲೂ ಒಂದಿದೆ. ಕಂಬದಿಂದ ಹೊರಟ ಒಂದು ತೋಳು, ಮೊಣಕೈಯಿಂದ ಮೇಲಕ್ಕೆ ಎತ್ತಿದೆ. ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಗಂಡ ಸತ್ತರೂ ಬಳೆ ಒಡೆದಿಲ್ಲ, ಯಾಕೆಂದರೆ ಅವಳು ಅವನ ಹಿಂದೆಯೇ ಬೆಂಕಿಗೆ ಹೋದಳು. ಅವಳಿಗೆ ಮೇಲೆ ಸಿಗುವುದು ಯಾರು? ಅವನೇ. ಅವನು ಸತ್ತರೆ ಹೊಸಬಳು, ಅವಳು ಸತ್ತರೆ ಹಳಬನೇ. ನೋಡಿದ ಅಷ್ಟು ಕಲ್ಲುಗಳಲ್ಲಿ ಹೆಣ್ಣೊಬ್ಬಳನ್ನು ಸುಂದರ ಗಂಧರ್ವರು ಎತ್ತಿಕೊಂಡು ಹೋಗುವ ಪಟ್ಟಿಕೆಯನ್ನು ನಾನಂತೂ ಕಂಡಿಲ್ಲ. ಒಂದೇ ಊರಿನ, ಒಂದೇ ಕಾಲದ ಶಿಲ್ಪಿ ಎರಡನ್ನೂ ಕಡೆದಿರಬಹುದು. ಅವನಿಗೂ ಇದು ತೋಚಿರಲಿಕ್ಕಿಲ್ಲ. ಇನ್ನೂ ಒಂದು ಅನುಮಾನ ನನಗೆ. ಅವಳು ಬೆಂಕಿ ದಾಟಿ ಮೇಲೆ ಹೋಗುವಷ್ಟರಲ್ಲಿ ಅವನು ಸುರಾಂಗನೆಯರ ನಡುವೆ ಇರುತ್ತಾನಲ್ಲ, ಆಗ ಅವಳು ಎಲ್ಲಿ ಕೂರಬೇಕು?

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನ ಇದೆ, ದೇಕಬ್ಬೆಯದ್ದು. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ಅರಸನ ದಾಯಾದಿಯನ್ನು ಕೊಂದ. ಅದಕ್ಕೆ ಅರಸ ಅವನನ್ನು ಕೊಲ್ಲಿಸಿದ. ಸುದ್ದಿ ಕೇಳಿ ದೇಕಬ್ಬೆ ಬೆಂಕಿಗೆ ಹೊರಟಳು. ಹೆತ್ತವರು ಬೇಡ ಬೇಡ ಅಂದರೂ ಕೇಳಲಿಲ್ಲ. ಶಾಸನವೇ ಇದನ್ನು ಹೇಳುತ್ತದೆ, ಅವಳನ್ನು ಹೊಗಳುತ್ತದೆ. ಅವಳ ಪ್ರೀತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದು ನಿಜವೇ ಇದ್ದೀತು. ಆದರೆ ಆ ಕಥೆಯಲ್ಲಿ ಅನ್ಯಾಯ ಮಾಡಿದವನು ಅರಸ. ಬೂದಿಯಾದವಳು ಹೆಂಡತಿ. ಹೀಗಾದರೆ ದೇವರು ಯಾವ ಕಡೆಯ ವಕೀಲ?

ನಮ್ಮೂರ ಆ ಮಾಸ್ತಿಗಲ್ಲಿಗೆ ಹೆಂಗಸರು ಹಬ್ಬದ ದಿನ ಅರಿಶಿನ, ಕುಂಕುಮ ಹಚ್ಚುತ್ತಾರೆ. ಅತ್ತೆ ಅದರ ಹತ್ತಿರ ಹೋಗುವ ಹಾಗಿರಲಿಲ್ಲ. ಗಂಡ ಸತ್ತಾಗ ಸಾಯದೆ ಉಳಿದದ್ದೇ ಅವರ ತಪ್ಪು.

"ಹೋದ ಜನ್ಮದಲ್ಲಿ ಏನು ಪಾಪ ಮಾಡಿದ್ದಳೋ" ಅಂತ ಅಜ್ಜಿ ಹೇಳುತ್ತಿದ್ದರು. ಮಗಳ ಮೇಲೆ ಪ್ರೀತಿ ಇಲ್ಲದೆ ಅಲ್ಲ, ಕರುಳು ಸುಟ್ಟೇ ಹೇಳುತ್ತಿದ್ದರು. ನನಗೆ ಕರ್ಮದ ಲೆಕ್ಕದಲ್ಲಿ ಅರ್ಥವಾಗದೇ ಇರುವುದು ಇದೇ. ತಪ್ಪು ಮಾಡಿದವಳಿಗೆ ತಪ್ಪಿನ ನೆನಪಿಲ್ಲ. ಶಿಕ್ಷೆ ಅನುಭವಿಸುವವಳಿಗೆ ಯಾಕೆ ಅಂತ ಗೊತ್ತಿಲ್ಲ. ಮಗುವಿಗೆ ಹೊಡೆದು, ಯಾಕೆ ಹೊಡೆದೆ ಅಂತ ಹೇಳದೆ ಹೋಗುವ ಅಪ್ಪನನ್ನು ನಾವು ನ್ಯಾಯವಂತ ಅನ್ನುತ್ತೇವಾ?

ಸವದತ್ತಿ ಎಲ್ಲಮ್ಮನ ಕಥೆ ನನ್ನನ್ನು ಬಹಳ ಕಾಡುತ್ತದೆ. ಎಲ್ಲಮ್ಮ ಅಂದರೆ ರೇಣುಕೆ. ಅವಳು ಯಾರನ್ನೂ ಮುಟ್ಟಲಿಲ್ಲ. ನೀರಿನಲ್ಲಿ ಆಡುತ್ತಿದ್ದ ಗಂಧರ್ವನನ್ನು ನೋಡಿ ಒಂದು ಗಳಿಗೆ ಮನಸ್ಸು ಕದಲಿತು, ಅಷ್ಟೇ. ಅಷ್ಟಕ್ಕೇ, ಪಾತಿವ್ರತ್ಯದ ಬಲದಿಂದ ದಿನಾ ಕಟ್ಟುತ್ತಿದ್ದ ಮರಳಿನ ಕೊಡ ನಿಲ್ಲಲಿಲ್ಲ, ಗಂಡ ಜಮದಗ್ನಿ ಹೇಳಿದ, ಮಗ ತಲೆ ಕಡಿದ. ಜನ ಆ ಕಡಿದ ತಲೆಯನ್ನೇ ದೇವಿ ಮಾಡಿಕೊಂಡರು. ಗುಡ್ಡದಲ್ಲಿ ಅವಳೂ ಒಂದು ಹುಣ್ಣಿಮೆಗೆ ಬಳೆ ಒಡೆದುಕೊಂಡು ವಿಧವೆಯಾಗುತ್ತಾಳೆ, ಆದರೆ ಭರತ ಹುಣ್ಣಿಮೆಗೆ ಮತ್ತೆ ಮುತ್ತೈದೆ. ಸೀರೆ ಉಟ್ಟ ಜೋಗಪ್ಪಂದಿರು ಅವಳ ಕೊಡ ಹೊರುತ್ತಾರೆ. ಯಾವ ಪುರಾಣದ ಸ್ವರ್ಗದಲ್ಲೂ ಜಾಗ ಸಿಗದವರಿಗೆ ಅವಳ ಗುಡ್ಡದಲ್ಲಿ ಜಾಗ ಇದೆ. ಅದೇ ದೇವಿಯ ಹೆಸರಲ್ಲಿ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ದೇವದಾಸಿಯರಾಗಿ ಬಿಟ್ಟದ್ದೂ ನಿಜ. ಅದನ್ನು ನಿಲ್ಲಿಸಲು 1982ರಲ್ಲಿ ಕರ್ನಾಟಕ ಕಾಯ್ದೆಯನ್ನೇ ತರಬೇಕಾಯಿತು. ಈ ಗಂಟು ನನಗೆ ಬಿಡಿಸಲು ಬರುವುದಿಲ್ಲ, ಸುಮ್ನೆ ನಿಮ್ಮ ಮುಂದೆ ಇಡುತ್ತಿದ್ದೇನೆ.

"ಬೇರೆ ಧರ್ಮದ ಸ್ವರ್ಗದ ಬಗ್ಗೆ ಬರೀರಿ ನೋಡೋಣ" ಅನ್ನುವವರು ಈಗಾಗಲೇ ಕೈ ತಿಕ್ಕಿಕೊಂಡು ಕೂತಿರುತ್ತೀರಿ. ನನ್ನ ಅತ್ತೆಯನ್ನು ಕಳಿಸಿದ್ದು ಈ ಸ್ವರ್ಗಕ್ಕೆ. ಅದಕ್ಕೇ ಇದರ ವಿಚಾರಣೆ ಮಾಡುತ್ತಿದ್ದೇನೆ. ನಿಮ್ಮ ನಿಮ್ಮ ಅತ್ತೆಯರದ್ದು ನೀವು ಬರೆಯಿರಿ, ಓದುತ್ತೇನೆ.

ಹನ್ನೆರಡನೆಯ ದಿನ ಸಪಿಂಡೀಕರಣ. ಸತ್ತವರ ಪಿಂಡವನ್ನು ಹಿರಿಯರ ಪಿಂಡಗಳ ಜೊತೆ ಸೇರಿಸುತ್ತಾರೆ. ನಮ್ಮ ಮನೆಯಲ್ಲಿ ಅತ್ತೆಯ ಪಿಂಡವನ್ನು ಸೇರಿಸಿದ್ದು ಅವರ ಅತ್ತೆ, ಅತ್ತೆಯ ಅತ್ತೆ, ಅವರ ಅತ್ತೆಯ ಜೊತೆ. "ಮಗನನ್ನು ತಿಂದುಕೊಂಡವಳು" ಅಂತ ಹತ್ತೊಂಬತ್ತರ ಹುಡುಗಿಯನ್ನು ಮನೆಯಿಂದ ಕಳಿಸಿದ ಆ ಅತ್ತೆಯ ಜೊತೆಗೇ. ಅಣ್ಣ ಮಂತ್ರ ಹೇಳುತ್ತ ನಾಲ್ಕೂ ಸೇರಿಸಿ ಕಲಸುತ್ತಿದ್ದ. ನನಗೆ ಎದ್ದು ಹೋಗಿ ಆ ಪಿಂಡ ಕಿತ್ತುಕೊಂಡು ಬರುವಷ್ಟು ಸಿಟ್ಟು ಬಂತು. ಎದ್ದು ಹೋಗಲಿಲ್ಲ. ಕಾಫಿ ಕೊಡಲು ಕರೆದರು, ಹೋದೆ.

ಅದಕ್ಕೂ ಎರಡು ದಿನ ಮೊದಲು, ಹತ್ತನೆಯ ದಿನದ್ದು ಹೇಳಲೇಬೇಕು. ಹೊಳೆ ದಂಡೆಯಲ್ಲಿ ಪಿಂಡ ಇಟ್ಟು ಎಲ್ಲರೂ ದೂರ ನಿಂತರು. ಕಾಗೆಗಳು ಬಂದವು, ಮರದ ಮೇಲೆ ಕೂತವು, ಇಳಿಯಲಿಲ್ಲ. ಕಾಲು ಗಂಟೆ, ಅರ್ಧ ಗಂಟೆ. ಏನೋ ಆಸೆ ಉಳಿದಿದೆ ಅಂದರು ಪುರೋಹಿತರು. ಗಂಡಸರು ಒಬ್ಬೊಬ್ಬರಾಗಿ ಮುಂದೆ ಹೋಗಿ ಕೈ ಮುಗಿದು ಕೂಗಿ ಹೇಳತೊಡಗಿದರು. "ಅತ್ತೆ, ಕಾಶಿಗೆ ನಿಮ್ಮ ಹೆಸರಲ್ಲಿ ನಾನು ಹೋಗಿ ಬರ್ತೀನಿ." ಕಾಗೆ ಬರಲಿಲ್ಲ. "ಚಿಕ್ಕವಳ ಮದುವೆ ಇದೇ ವರ್ಷ ಮಾಡ್ತೀವಿ." ಇಲ್ಲ. "ಹಳೇ ಹಸುವನ್ನು ಮಾರಲ್ಲ." ಒಂದು ಕಾಗೆ ಕೊಂಬೆ ಬದಲಾಯಿಸಿತು, ಅಷ್ಟೇ. ಇನ್ನೇನಿತ್ತು ಅವರಿಗೆ ಆಸೆ, ಇನ್ನೇನಿತ್ತು ಅಂತ ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಹೊಳೆಯಲಿಲ್ಲ. ಹೊಳೆದರೂ ಅಪ್ಪ, ಅಣ್ಣ, ಪುರೋಹಿತರ ಮುಂದೆ ಕೂಗಿ ಹೇಳುವ ಮಾತಲ್ಲ ಅದು. ನಾನೂ ಹೇಳಲಿಲ್ಲ.

ಬಿಸಿಲು ಏರುತ್ತಿತ್ತು. ಕೊನೆಗೆ ಪುರೋಹಿತರು ದರ್ಭೆಯಲ್ಲೇ ಒಂದು ಕಾಗೆ ಮಾಡಿ, ಅದನ್ನು ಪಿಂಡಕ್ಕೆ ಮುಟ್ಟಿಸಿ, "ಆಯ್ತು, ನಡೀರಿ" ಅಂದರು.